ಸಿಸೆರೊ ಹೇಡಿಯಾಗಿದ್ದನೇ?

ಪ್ರಶ್ನೆ: ಸಿಸೆರೊ ಎಂದರೆ ರೋಮಿನ ಅತಿ ದೊಡ್ಡ ವಾಗ್ಮಿ, ಗಣರಾಜ್ಯಕ್ಕಾಗಿ ತಲೆ ಕೊಟ್ಟವನು ಎಂದು ಕಾಲೇಜಿನಲ್ಲಿ ನಮ್ಮ ಮೇಷ್ಟರು ಹೇಳುತ್ತಿದ್ದರು. ಈಚೆಗೆ ರೋಮಿನ ಇತಿಹಾಸ ಓದತೊಡಗಿದಾಗ ಬೇರೆಯೇ ಚಿತ್ರ ಕಾಣುತ್ತಿದೆ. ಜಂಬಗಾರ, ಅಂಜುಬುರುಕ, ಇವತ್ತು ಸೇನಾನಾಯಕ ಪಾಂಪೆಯ ಕಡೆ, ನಾಳೆ ಅವನ ಎದುರಾಳಿ ಸೀಸರನ ಕಡೆ. ಯಾವುದು ನಿಜ? ಅವನು ಎಂಥ ಮನುಷ್ಯ?

ಉತ್ತರ: ನಿಮ್ಮ ಮೇಷ್ಟರು ಹೇಳಿದ್ದು ತಪ್ಪಲ್ಲ, ನೀವು ಈಚೆಗೆ ಓದಿದ್ದೂ ಸುಳ್ಳಲ್ಲ. ಆದರೆ ಎರಡೂ ಸರಿ ಎಂದು ಹೇಳಿ ಕೈ ತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಅವನನ್ನು ಬಹಳ ವರ್ಷಗಳಿಂದ ಓದುತ್ತ ಬಂದವನಿಗೆ, ಅವನ ಮೇಲಿನ ಹೇಡಿತನದ ಆರೋಪದಲ್ಲಿ ಒಂದು ಅನ್ಯಾಯ ಅಡಗಿದೆ ಎನಿಸುತ್ತದೆ. ಅದನ್ನು ಬಿಡಿಸಿ ಹೇಳುತ್ತೇನೆ.

ಅವನು ಅಂಜುತ್ತಿದ್ದ ಎಂಬುದು ನಮಗೆ ಗೊತ್ತಾದದ್ದು ಹೇಗೆ? ಹೆಚ್ಚಿನ ಮಟ್ಟಿಗೆ ಅವನೇ ಬರೆದ ಕಾಗದಗಳಿಂದ. ಅವನ ಪತ್ರಸಂಗ್ರಹದಲ್ಲಿ ಇಂದಿಗೆ ಉಳಿದಿರುವ ಪತ್ರಗಳು ಸುಮಾರು 900. ಬೇರೆಯವರು ಅವನಿಗೆ ಬರೆದ ಕೆಲವನ್ನು ಬಿಟ್ಟರೆ ಉಳಿದವೆಲ್ಲ ಅವನವೇ, ಅವುಗಳಲ್ಲೂ ದೊಡ್ಡ ಪಾಲು ಆಪ್ತ ಗೆಳೆಯ ಆಟಿಕಸನಿಗೆ ಬರೆದವು. ಬೆಳಿಗ್ಗೆ ಒಂದು, ಸಂಜೆ ಇನ್ನೊಂದು. ರಾತ್ರಿ ನಿದ್ದೆ ಬರಲಿಲ್ಲ, ಏನು ಮಾಡಲಿ ಹೇಳು, ನಿನ್ನೆ ಹೇಳಿದ್ದು ಸರಿಯೆನಿಸುತ್ತಿಲ್ಲ, ಇನ್ನೊಮ್ಮೆ ಯೋಚಿಸಿ ಬರೆ ಎಂಬ ಧಾಟಿಯಲ್ಲಿ ಅವು ಸಾಗುತ್ತವೆ. ನಾವು ನೀವು ತೀರ ಹತ್ತಿರದವರ ಮುಂದೆ ಮಾತ್ರ ಆಡುವ ಮಾತುಗಳು ಅಲ್ಲಿವೆ. 1345ರಲ್ಲಿ ಇಟಲಿಯ ವೆರೋನಾ ನಗರದ ಗ್ರಂಥಭಂಡಾರವೊಂದರಲ್ಲಿ ಕವಿ ಪೆಟ್ರಾರ್ಕನಿಗೆ ಈ ಪತ್ರಗಳು ಸಿಕ್ಕವು. ತತ್ವಜ್ಞಾನಿಯೆಂದು ತಾನು ಆರಾಧಿಸುತ್ತಿದ್ದ ಮನುಷ್ಯ ಇಷ್ಟೊಂದು ಚಂಚಲನೇ ಎಂದು ನೊಂದ ಪೆಟ್ರಾರ್ಕ್, ತೀರಿಕೊಂಡು ಸುಮಾರು ಹದಿನಾಲ್ಕು ಶತಮಾನಗಳಾಗಿದ್ದ ಸಿಸೆರೊನಿಗೇ ಒಂದು ಆಕ್ಷೇಪಣೆಯ ಪತ್ರ ಬರೆದ. ಅಂದಿನಿಂದ ಶುರುವಾದ ದೂರು ಇಂದಿಗೂ ಮುಗಿದಿಲ್ಲ.

ಆದರೆ ಅಂತರ್ಯುದ್ಧಕ್ಕೆ ಇಳಿಯುವ ಮುನ್ನ ಸೀಸರ್ ರೂಬಿಕಾನ್ ಹೊಳೆಯ ದಂಡೆಯಲ್ಲಿ ನಿಂತ ರಾತ್ರಿ ಅವನ ಎದೆ ಎಷ್ಟು ಬಡಿದುಕೊಂಡಿತು? ನಮಗೆ ಗೊತ್ತಿಲ್ಲ. ಅವನು ನಮಗೆ ಬಿಟ್ಟುಹೋದದ್ದು, ಜನ ಓದಲೆಂದೇ ತನ್ನನ್ನು 'ಅವನು' ಎಂದು ಕರೆದುಕೊಂಡು ಬರೆದ ಯುದ್ಧವೃತ್ತಾಂತ. ಅವನ ಕೆಲವು ಪತ್ರಗಳು ಉಳಿದಿರುವುದು ಕೂಡ ಸಿಸೆರೊನ ಸಂಗ್ರಹದೊಳಗೇ, ಅವೂ ಚುಟುಕಾದ ವ್ಯವಹಾರದ ಪತ್ರಗಳು. ಪಾಂಪೆಯ ಸಂಕಟ, ಸೀಸರನ ಬಂಟ ಆಂಟನಿಯ ಅಳುಕು ಎಲ್ಲವೂ ಮಣ್ಣಾಗಿವೆ. ಹೀಗೆ ಒಬ್ಬನನ್ನು ಮಲಗುವ ಮನೆಯಲ್ಲೂ ಉಳಿದವರನ್ನು ಮೆರವಣಿಗೆಯಲ್ಲೂ ನೋಡಿ, ಇವನೊಬ್ಬನೇ ದುರ್ಬಲ ಎಂದು ತೀರ್ಮಾನ ಮಾಡುತ್ತಿದ್ದೇವೆ. ನಾನು ಅನ್ಯಾಯ ಎಂದದ್ದು ಇದನ್ನೇ.

ಇನ್ನು ಮನುಷ್ಯನ ಕಡೆ ಬರೋಣ. ಮಾರ್ಕಸ್ ತುಲಿಯಸ್ ಸಿಸೆರೊ ಹುಟ್ಟಿದ್ದು ಕ್ರಿ.ಪೂ. 106ರ ಜನವರಿ 3ರಂದು, ರೋಮಿನಿಂದ ಆಗ್ನೇಯಕ್ಕೆ ನೂರು ಕಿಲೊಮೀಟರಿನಷ್ಟು ದೂರದ ಅರ್ಪೀನಮ್ ಎಂಬ ಬೆಟ್ಟದೂರಿನಲ್ಲಿ. ಅನುಕೂಲಸ್ಥರ ಮನೆ, ಜಮೀನು ಇತ್ತು, ಓದುಬರಹ ಇತ್ತು. ಇಲ್ಲದಿದ್ದದ್ದು ಒಂದೇ, ರೋಮಿನಲ್ಲಿ ಅಧಿಕಾರ ನಡೆಸಿದ ಪೂರ್ವಿಕರು. ಕುಲೀನರ ಮನೆಗಳ ಹಜಾರದಲ್ಲಿ, ಉನ್ನತ ಹುದ್ದೆ ಏರಿದ ಅಜ್ಜ ಮುತ್ತಜ್ಜಂದಿರ ಮೇಣದ ಮುಖವಾಡಗಳನ್ನು ಸಾಲಾಗಿ ಇಡುತ್ತಿದ್ದರು. ಮನೆಯಲ್ಲಿ ಸಾವಾದಾಗ ಆ ಮುಖವಾಡ ತೊಟ್ಟವರು ಮೆರವಣಿಗೆಯಲ್ಲಿ ನಡೆಯುತ್ತಿದ್ದರು, ಇಡೀ ವಂಶವೇ ಎದ್ದು ಬಂದಂತೆ. ಸಿಸೆರೊನ ಮನೆಯ ಹಜಾರ ಖಾಲಿ. ಇಂಥವರನ್ನು ರೋಮಿನಲ್ಲಿ 'ಹೊಸ ಮನುಷ್ಯ' ಎನ್ನುತ್ತಿದ್ದರು, ಅದು ಮೆಚ್ಚುಗೆಯ ಮಾತಾಗಿರಲಿಲ್ಲ. ಅವನ ಹೆಸರಂತೂ ಕಡಲೆಕಾಳಿನಿಂದ ಬಂದದ್ದು, ಲ್ಯಾಟಿನಿನಲ್ಲಿ 'ಕಿಕೆರ್' ಎಂದರೆ ಕಡಲೆ. ರಾಜಕೀಯಕ್ಕೆ ಇಳಿಯುವ ಮುನ್ನ ಈ ಹೆಸರು ಬದಲಿಸಿಕೋ ಎಂದು ಗೆಳೆಯರು ಹೇಳಿದಾಗ, ದೊಡ್ಡ ಮನೆತನಗಳ ಹೆಸರಿಗಿಂತ ಇದನ್ನೇ ದೊಡ್ಡದು ಮಾಡುತ್ತೇನೆ ಎಂದನಂತೆ. ಇದನ್ನು ಬರೆದಿಟ್ಟವನು ಗ್ರೀಕ್ ಜೀವನಚರಿತ್ರೆಕಾರ ಪ್ಲುಟಾರ್ಕ್.

ಅವನ ಮೊದಲ ದೊಡ್ಡ ಮೊಕದ್ದಮೆಯನ್ನು ನೋಡಿದವರು ಅವನನ್ನು ಹೇಡಿ ಎನ್ನಲಾರರು. ಕ್ರಿ.ಪೂ. 80. ಸರ್ವಾಧಿಕಾರಿ ಸುಲ್ಲಾನ ಕಾಲ, ಕೊಲ್ಲಬೇಕಾದ ವಿರೋಧಿಗಳ ಪಟ್ಟಿಯಲ್ಲಿ ಹೆಸರು ಬಂದರೆ ತಲೆಯೂ ಹೋಯಿತು, ಆಸ್ತಿಯೂ ಹೋಯಿತು. ಅಮೇರಿಯಾ ಊರಿನ ಸೆಕ್ಸ್ಟಸ್ ರೋಸಿಯಸ್ ಎಂಬ ಶ್ರೀಮಂತನನ್ನು ರೋಮಿನಲ್ಲಿ ರಾತ್ರಿ ಊಟ ಮುಗಿಸಿ ಬರುವಾಗ ಕೊಂದರು. ಪಟ್ಟಿ ಮುಚ್ಚಿದ ಮೇಲೂ ಅವನ ಹೆಸರನ್ನು ಅದರಲ್ಲಿ ತೂರಿಸಿ, 60 ಲಕ್ಷ ಸೆಸ್ಟರ್ಸ್ (ರೋಮಿನ ನಾಣ್ಯ) ಬೆಲೆಯ ಆಸ್ತಿಯನ್ನು ಬರೀ 2,000 ಸೆಸ್ಟರ್ಸಿಗೆ ಹರಾಜಿನಲ್ಲಿ ಕೊಂಡವನು ಕ್ರಿಸೊಗೊನಸ್, ಸುಲ್ಲಾನ ಬಲಗೈ ಬಂಟ. ಆಮೇಲೆ ತಂದೆಯನ್ನು ಕೊಂದವನು ಮಗನೇ ಎಂದು ಮಗನ ಮೇಲೇ ಮೊಕದ್ದಮೆ ಹೂಡಿಸಿದರು. ಪಿತೃಹತ್ಯೆಗೆ ಶಿಕ್ಷೆ, ಚೀಲದೊಳಗೆ ಹಾಕಿ ಹೊಲಿದು ನೀರಿಗೆ ಎಸೆಯುವುದು. ಹೆಸರಾಂತ ವಕೀಲರೆಲ್ಲ ಹಿಂದೆ ಸರಿದರು. ಇಪ್ಪತ್ತಾರು ವರ್ಷದ, ಇನ್ನೂ ಹೆಸರು ಮಾಡದ ಸಿಸೆರೊ ಎದ್ದು ನಿಂತು, ಸುಲ್ಲಾನನ್ನು ಜೋಪಾನವಾಗಿ ಹೊಗಳುತ್ತಲೇ ಕ್ರಿಸೊಗೊನಸನ ಹೆಸರನ್ನು ತುಂಬಿದ ನ್ಯಾಯಸಭೆಯಲ್ಲಿ ಎತ್ತಿದ. ಈ ಕೊಲೆಯಿಂದ ಲಾಭವಾದದ್ದು ಯಾರಿಗೆ ಎಂಬ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದ. ಮಗ ರೋಸಿಯಸ್ ಉಳಿದುಕೊಂಡ.

ಅದಾದ ಮೇಲೆ ಅವನು ಎರಡು ವರ್ಷ ಗ್ರೀಸ್, ಏಷ್ಯಾ ಮೈನರ್ ಮತ್ತು ರೋಡ್ಸ್ ದ್ವೀಪದಲ್ಲಿ ಕಳೆದ. ಸುಲ್ಲಾನ ಭಯದಿಂದ ಹೋದ ಎನ್ನುವವರಿದ್ದಾರೆ. ಅವನು ಕೊಡುವ ಕಾರಣ ಬೇರೆ. ಸಣಕಲು ಮೈ, ಉದ್ದನೆಯ ತೆಳುವಾದ ಕತ್ತು, ಸ್ವರವನ್ನು ಏರಿಳಿಸದೆ ಇಡೀ ಮೈಯಿಂದ ಕಿರುಚಿ ಮಾತನಾಡುವ ಅಭ್ಯಾಸ. ವಕೀಲಿ ಬಿಡದಿದ್ದರೆ ಜೀವಕ್ಕೇ ಕುತ್ತು ಎಂದು ವೈದ್ಯರೂ ಗೆಳೆಯರೂ ಹೇಳಿದ್ದರು. ಬಿಡುವ ಬದಲು, ಮಾತನಾಡುವ ರೀತಿಯನ್ನೇ ಬದಲಿಸಿಕೊಳ್ಳಲು ಅವನು ಹೊರಟ. ರೋಡ್ಸಿನ ಮೊಲೋನ್ ಎಂಬ ಗುರು ಅವನ ಭಾಷಣವನ್ನು, ದಡ ಮೀರಿ ಹರಿಯುವ ಹೊಳೆಗೆ ಒಡ್ಡು ಕಟ್ಟುವಂತೆ, ಹದಕ್ಕೆ ತಂದ. ಹುಟ್ಟಾ ವಾಗ್ಮಿ ಎಂಬ ಮಾತು ಅವನಿಗೆ ಸಲ್ಲುವುದಿಲ್ಲ. ಅವನು ಬೆವರು ಸುರಿಸಿ ಆದ ವಾಗ್ಮಿ.

ಅವನ ಸ್ವಭಾವದ ಬೀಗದ ಕೈ ಎಂದು ನಾನು ನಂಬಿರುವುದು ಒಂದು ಪುಟ್ಟ ಪ್ರಸಂಗ, ಅವನೇ ಮುಂದೆ ಒಂದು ಭಾಷಣದಲ್ಲಿ ಹೇಳಿಕೊಂಡದ್ದು. ಕ್ರಿ.ಪೂ. 75ರಲ್ಲಿ ಸಿಸಿಲಿ ದ್ವೀಪದ ಪಶ್ಚಿಮ ತುದಿಯ ಲಿಲಿಬೇಯಮ್ಮಿನಲ್ಲಿ ಖಜಾನೆಯ ಅಧಿಕಾರಿಯಾಗಿದ್ದ. ರೋಮಿನಲ್ಲಿ ಧಾನ್ಯದ ಕೊರತೆಯಿದ್ದಾಗ ಹೇರಳವಾಗಿ ಗೋಧಿ ಕಳಿಸಿದ, ಲಂಚ ಮುಟ್ಟಲಿಲ್ಲ, ಸಿಸಿಲಿಯವರು ಹಿಂದೆಂದೂ ಕಾಣದ ಮರ್ಯಾದೆ ಮಾಡಿ ಬೀಳ್ಕೊಟ್ಟರು. ಊರಲ್ಲೆಲ್ಲ ತನ್ನದೇ ಮಾತು ಎಂದುಕೊಂಡು ಹಿಂತಿರುಗುವಾಗ ಪುತಿಯೋಲಿ ಬಂದರಿನಲ್ಲಿ ಇಳಿದ. ಒಬ್ಬ ಪರಿಚಿತ ಎದುರಾಗಿ, ರೋಮಿನಿಂದ ಯಾವಾಗ ಹೊರಟೆ, ಏನು ಸುದ್ದಿ ಎಂದು ಕೇಳಿದ. ನಾನು ಪ್ರಾಂತ್ಯದಿಂದ ಬರುತ್ತಿದ್ದೇನೆ ಎಂದ ಸಿಸೆರೊ. ಹೌದಲ್ಲ, ಆಫ್ರಿಕಾದಿಂದ ತಾನೇ ಎಂದ ಅವನು. ಮುಖ ಕೆಂಪಾಗಿ, ಅಲ್ಲ, ಸಿಸಿಲಿಯಿಂದ ಎಂದ. ಪಕ್ಕದಲ್ಲಿದ್ದ ಎಲ್ಲ ಬಲ್ಲವನೊಬ್ಬ, ನಿನಗೆ ಗೊತ್ತಿಲ್ಲವೇ, ಇವನು ಸಿರಾಕ್ಯೂಸಿನಲ್ಲಿದ್ದ ಎಂದು ತಿದ್ದಿದ. ಅದೂ ತಪ್ಪು. ಸಿರಾಕ್ಯೂಸ್ ದ್ವೀಪದ ಇನ್ನೊಂದು ತುದಿ. ಸಿಸೆರೊ ಸಿಟ್ಟು ನುಂಗಿಕೊಂಡು, ಬಿಸಿನೀರಿನ ಊಟೆಗೆ ಬಂದ ಪ್ರವಾಸಿಯಂತೆ ನಟಿಸಿ ಸುಮ್ಮನಾದ. ರೋಮಿನ ಜನಕ್ಕೆ ಕಿವಿ ಮಂದ, ಕಣ್ಣು ಚುರುಕು ಎಂಬುದು ಅಂದು ತನಗೆ ತಿಳಿಯಿತು, ಅಂದಿನಿಂದ ದಿನವೂ ಅವರ ಕಣ್ಣೆದುರೇ ಇದ್ದೆ, ಮನೆ ಬಾಗಿಲಿಗೆ ಬಂದ ಯಾರನ್ನೂ ಹಿಂದಕ್ಕೆ ಕಳಿಸಲಿಲ್ಲ ಎಂದು ಅವನು ಮುಂದುವರಿಸುತ್ತಾನೆ.

ಬೇರೆಯವರ ಕಣ್ಣಿನಲ್ಲಿ ಬದುಕುವುದು. ಅವನ ಏರಿಕೆಗೂ ಅದೇ ಕಾರಣ, ಅವನ ಕುಸಿತಕ್ಕೂ ಅದೇ.

ಏರಿಕೆಯ ಶಿಖರ ವೆರ್ರೆಸನ ಮೊಕದ್ದಮೆ, ಕ್ರಿ.ಪೂ. 70. ವೆರ್ರೆಸ್ ಮೂರು ವರ್ಷ ಸಿಸಿಲಿಯ ರಾಜ್ಯಪಾಲನಾಗಿ ದೇವಾಲಯಗಳ ವಿಗ್ರಹ, ಮನೆಗಳ ಬೆಳ್ಳಿ ಪಾತ್ರೆ, ರೈತರ ಗೋಧಿ ಯಾವುದನ್ನೂ ಬಿಡದೆ ದೋಚಿದ್ದ. ಸಿಸಿಲಿಯವರು ನೆನಪಿಟ್ಟುಕೊಂಡು ಸಿಸೆರೊನ ಬಳಿ ಬಂದರು. ಸಾಕ್ಷ್ಯ ಕೂಡಿಸಲು 110 ದಿನ ಕೊಟ್ಟಿದ್ದರೆ 50 ದಿನಗಳಲ್ಲಿ ಮುಗಿಸಿದ. ಎದುರು ಪಕ್ಷದ ವಕೀಲ ಹೊರ್ಟೆನ್ಸಿಯಸ್, ಅಂದಿನ ರೋಮಿನ ಮೊದಲ ವಾಗ್ಮಿ, ಮರುವರ್ಷಕ್ಕೆ ಕಾನ್ಸಲ್ ಆಗಿ, ಅಂದರೆ ರೋಮಿನ ಅತ್ಯುನ್ನತ ಹುದ್ದೆಗೆ ಆಯ್ಕೆಯಾಗಿದ್ದವನು. ಹಬ್ಬದ ರಜೆಗಳನ್ನು ನೆಚ್ಚಿಕೊಂಡು ಮೊಕದ್ದಮೆಯನ್ನು ಮುಂದಿನ ವರ್ಷಕ್ಕೆ ಎಳೆದರೆ ತಮ್ಮವರೇ ನ್ಯಾಯಪೀಠದಲ್ಲಿರುತ್ತಾರೆ ಎಂಬುದು ಅವರ ಲೆಕ್ಕ. ಸಿಸೆರೊ ಆಗ ಮಾಡಿದ್ದು, ಮಾತಿನ ಮೋಹದ ವಾಗ್ಮಿಯಿಂದ ನಿರೀಕ್ಷಿಸಲಾಗದ ಕೆಲಸ. ತನ್ನ ದೀರ್ಘ ಭಾಷಣವನ್ನೇ ಕೈಬಿಟ್ಟ. ಆಗಸ್ಟ್ 5ರಂದು ವಿಚಾರಣೆ ಶುರುವಾದಾಗ ಚಿಕ್ಕ ಪೀಠಿಕೆ ಹೇಳಿ ನೇರವಾಗಿ ಸಾಕ್ಷಿಗಳನ್ನು ನಿಲ್ಲಿಸಿದ. ದಿನದಿನಕ್ಕೆ ಹೊರಬಂದ ಸಂಗತಿಗಳನ್ನು ಕೇಳಿ ಹೊರ್ಟೆನ್ಸಿಯಸನ ಬಾಯಿ ಕಟ್ಟಿತು, ತೀರ್ಪಿಗೆ ಕಾಯದೆ ವೆರ್ರೆಸ್ ಮಸ್ಸಿಲಿಯಾಕ್ಕೆ, ಅಂದರೆ ಇಂದಿನ ಮಾರ್ಸೇಲಿಗೆ ಓಡಿಹೋದ.

ಆಡದೆ ಉಳಿದ ಭಾಷಣಗಳನ್ನು ಸಿಸೆರೊ ಆಮೇಲೆ ಬರೆದು ಪ್ರಕಟಿಸಿದ. ಅದರಲ್ಲಿ ಗಾವಿಯಸ್ ಎಂಬವನ ಕತೆ ಬರುತ್ತದೆ. ಮೆಸ್ಸಾನಾ ಊರಿನ ಮಾರುಕಟ್ಟೆಯಲ್ಲಿ ಅವನಿಗೆ ಛಡಿಯೇಟು ಬೀಳುತ್ತಿದ್ದಾಗ, ನೋವಿನ ನಡುವೆ ಅವನ ಬಾಯಿಂದ ಬಂದದ್ದು 'ನಾನು ರೋಮಿನ ಪ್ರಜೆ' ಎಂಬ ಒಂದೇ ಮಾತು. ವಿಚಾರಣೆಯಿಲ್ಲದೆ ರೋಮಿನ ಪ್ರಜೆಯನ್ನು ಹೊಡೆಯುವಂತಿಲ್ಲ, ಕೊಲ್ಲುವಂತಿಲ್ಲ. ವೆರ್ರೆಸ್ ಅವನನ್ನು ಶಿಲುಬೆಗೇರಿಸಿದ, ಅದೂ ಜಲಸಂಧಿಯ ಆಚೆ ಇಟಲಿ ಕಾಣುವ ಜಾಗದಲ್ಲಿ, ತನ್ನ ದೇಶವನ್ನು ನೋಡುತ್ತ ಸಾಯಲಿ ಎಂದು. ಈ ಪುಟಗಳನ್ನು ಓದುವಾಗ ಇಂದಿಗೂ ನನ್ನ ಮೈ ಜುಮ್ಮೆನ್ನುತ್ತದೆ. ಗಾವಿಯಸನನ್ನು ದಯವಿಟ್ಟು ನೆನಪಿನಲ್ಲಿಡಿ.

ಏಕೆಂದರೆ ಏಳೇ ವರ್ಷಗಳಲ್ಲಿ, ಕ್ರಿ.ಪೂ. 63ರಲ್ಲಿ, ಸಿಸೆರೊ ಕಾನ್ಸಲ್ ಆದ. ಕಾನೂನು ಒಪ್ಪುವ ಅತಿ ಚಿಕ್ಕ ವಯಸ್ಸಿನಲ್ಲೇ ಆ ಹುದ್ದೆ ಏರಿದ ಹೊಸ ಮನುಷ್ಯ. ಆ ವರ್ಷ ಕ್ಯಾಟಿಲಿನ ಎಂಬ ಸಾಲದಲ್ಲಿ ಮುಳುಗಿದ್ದ, ಚುನಾವಣೆಯಲ್ಲಿ ಸೋತ ಕುಲೀನ ದಂಗೆಗೆ ಸಂಚು ಹೂಡಿದ. ನವೆಂಬರಿನ ಆರಂಭದಲ್ಲಿ ರೋಮಿನವರ ಪ್ರಧಾನ ದೇವತೆ ಜೂಪಿಟರನ ಗುಡಿಯಲ್ಲಿ ಹಿರಿಯರ ಆಡಳಿತಸಭೆಯಾದ ಸೆನೆಟ್ ಸೇರಿದಾಗ ಸಂಚುಗಾರನೇ ಬಂದು ಕೂತಿದ್ದ. ಅವನ ಸುತ್ತಲಿನವರು ಎದ್ದು ದೂರ ಹೋಗಿ ಕುಳಿತರು. 'ಇನ್ನೆಷ್ಟು ದಿನ, ಕ್ಯಾಟಿಲಿನಾ, ನಮ್ಮ ತಾಳ್ಮೆಯನ್ನು ದುರುಪಯೋಗ ಮಾಡಿಕೊಳ್ಳುತ್ತೀ?' ಎಂದು ಸಿಸೆರೊ ಶುರು ಮಾಡಿದ. ಆ ರಾತ್ರಿಯೇ ಕ್ಯಾಟಿಲಿನ ನಗರ ಬಿಟ್ಟ. ಅವನ ಜೊತೆಗಾರರಲ್ಲಿ ಐವರು ಪತ್ರಗಳ ಸಮೇತ ಸಿಕ್ಕಿಬಿದ್ದರು, ಅವರಲ್ಲಿ ಲೆಂಟುಲಸ್ ಎಂಬವನು ಅಧಿಕಾರದಲ್ಲಿದ್ದ ಪ್ರೇಟರ್, ಅಂದರೆ ಕಾನ್ಸಲ್‌ಗಿಂತ ಒಂದು ಮೆಟ್ಟಿಲು ಕೆಳಗಿನ ನ್ಯಾಯಾಧಿಕಾರಿ. ಡಿಸೆಂಬರ್ 5ರಂದು ಸೆನೆಟ್ಟಿನಲ್ಲಿ ಚರ್ಚೆ. ಕೊಲ್ಲಬೇಡಿ, ಸೆರೆಯಲ್ಲಿಡಿ ಎಂದ ಸೀಸರ್. ಕೊಲ್ಲಿ ಎಂದ ಕೇಟೊ. ಕತ್ತಲಾಗುವ ಹೊತ್ತಿಗೆ ಸಿಸೆರೊ ತಾನೇ ನಿಂತು ಐವರನ್ನೂ ಸೆರೆಮನೆಯ ನೆಲಮಾಳಿಗೆಗೆ ಇಳಿಸಿ ಕೊರಳು ಬಿಗಿಸಿದ. ಹೊರಗೆ ಬಂದು ಜನರಿಗೆ ಒಂದೇ ಪದದಲ್ಲಿ 'ಬಾಳಿದರು' ಎಂದ. ಸತ್ತರು ಎಂದು ಹೇಳಬಾರದ ಕಡೆ ಬಳಸುತ್ತಿದ್ದ ಮಾತದು.

ವಿಚಾರಣೆ ಇರಲಿಲ್ಲ. ಜನಸಭೆಗೆ ಮೇಲ್ಮನವಿ ಇರಲಿಲ್ಲ. ಗಾವಿಯಸನ ಕೂಗನ್ನು ಜಗತ್ತಿಗೆ ಕೇಳಿಸಿದವನೇ ಐವರು ಪ್ರಜೆಗಳನ್ನು ಹೀಗೆ ಕೊಲ್ಲಿಸಿದ. ತುರ್ತು ಪರಿಸ್ಥಿತಿ ಇತ್ತು, ಸೆನೆಟ್ಟಿನ ನಿರ್ಣಯ ಇತ್ತು ಎಂಬ ಸಮರ್ಥನೆಗಳೆಲ್ಲ ನನಗೆ ಗೊತ್ತು. ಆದರೂ ಅವನ ಜೀವನದ ದೊಡ್ಡ ತಪ್ಪು ಇದೇ ಎಂದು ನಾನು ಹೇಳುತ್ತೇನೆ. ನೀವು ಹೆಸರಿಸಿದ ಚಂಚಲತೆಗಿಂತ, ಅವನು ಎಂದೂ ಮರುಯೋಚನೆ ಮಾಡದ ಈ ಒಂದು ದೃಢ ನಿರ್ಧಾರವೇ ಹೆಚ್ಚು ಕೇಡು ಮಾಡಿತು. ಇನ್ನೊಂದು ವಿಷಯ. ಲೆಂಟುಲಸನ ಹೆಂಡತಿ ಜೂಲಿಯಾಳಿಗೆ ಮೊದಲ ಮದುವೆಯಿಂದ ಇಪ್ಪತ್ತು ವರ್ಷದ ಆಸುಪಾಸಿನ ಮಗನಿದ್ದ. ಅವನ ಹೆಸರು ಮಾರ್ಕ್ ಆಂಟನಿ.

ಜಂಬದ ಆರೋಪವನ್ನು ನಾನು ಅಲ್ಲಗಳೆಯುವುದಿಲ್ಲ. ತನ್ನ ಕಾನ್ಸಲ್ ವರ್ಷದ ಬಗ್ಗೆ ಅವನೇ ಕಾವ್ಯ ಬರೆದ, ನಾನು ಕಾನ್ಸಲ್ ಆಗಿದ್ದಾಗ ಮತ್ತೆ ಹುಟ್ಟಿದ ರೋಮ್ ಎಷ್ಟು ಪುಣ್ಯವಂತೆ ಎಂಬ ಅದರ ಸಾಲನ್ನು ರೋಮಿನವರು ತಲೆಮಾರುಗಳ ಕಾಲ ಹಾಸ್ಯ ಮಾಡಿದರು. ಲೂಕೇಯಸ್ ಎಂಬ ಇತಿಹಾಸಕಾರನಿಗೆ ಪತ್ರ ಬರೆದು, ನನ್ನ ಕೆಲಸದ ಕತೆ ಬರೆ, ಸತ್ಯ ಒಪ್ಪುವುದಕ್ಕಿಂತ ಸ್ವಲ್ಪ ಹೆಚ್ಚೇ ಹೊಗಳು ಎಂದು ಕೇಳಿಕೊಂಡ. ಎದುರಿಗೆ ಕೇಳಲು ನಾಚಿಕೆಯಾಯಿತು, ಕಾಗದಕ್ಕೆ ನಾಚಿಕೆಯಿಲ್ಲ ಎಂದೂ ಆ ಪತ್ರದಲ್ಲೇ ಬರೆದ. ಖಾಲಿ ಹಜಾರದಿಂದ ಬಂದವನ ಹಸಿವು ಇದು. ಪಕ್ಕದ ಮನೆಯವನಿಗೆ ಗೋಡೆ ತುಂಬ ಮುಖವಾಡಗಳು ಹೊಗಳಲು ನಿಂತಿರುವಾಗ, ಇವನಿಗೆ ಇದ್ದದ್ದು ತನ್ನದೊಂದೇ ಬಾಯಿ. ಹಾಗೆಂದು ಅದು ಚೆಂದ ಕಾಣುವುದಿಲ್ಲ. ಆದರೆ ಪ್ಲುಟಾರ್ಕ್ ಹೇಳುವ ಇನ್ನೊಂದು ಮಾತನ್ನೂ ಇದರ ಜೊತೆ ಓದಬೇಕು. ಕೀರ್ತಿಯ ಆಸೆ ಇಷ್ಟಿದ್ದರೂ ಅವನಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ, ಹಿಂದಿನವರನ್ನೂ ತನ್ನ ಕಾಲದವರನ್ನೂ ಮನಬಿಚ್ಚಿ ಹೊಗಳುತ್ತಿದ್ದ. ಸೋಲಿಸಿದ ಹೊರ್ಟೆನ್ಸಿಯಸನ ಬಗ್ಗೆ ಅವನು ಆಮೇಲೆ ಬರೆದದ್ದನ್ನು ನೋಡಿದರೆ ಅದು ನಿಜ ಎಂದು ತಿಳಿಯುತ್ತದೆ.

ಆ ಐವರ ಸಾವು ಅವನನ್ನು ಬಿಡಲಿಲ್ಲ. ಕ್ರಿ.ಪೂ. 58ರಲ್ಲಿ ಅವನ ವೈರಿ ಕ್ಲೋಡಿಯಸ್, ವಿಚಾರಣೆಯಿಲ್ಲದೆ ಪ್ರಜೆಯನ್ನು ಕೊಲ್ಲಿಸಿದವನಿಗೆ ಗಡೀಪಾರು ಎಂಬ ಕಾನೂನು ತಂದ. ಸಿಸೆರೊ ಉತ್ತರ ಗ್ರೀಸಿನ ಥೆಸಲೊನಿಕಕ್ಕೆ ಹೋದ. ಪಾಲಟೈನ್ ಗುಡ್ಡದ ಮೇಲೆ 35 ಲಕ್ಷ ಸೆಸ್ಟರ್ಸ್ ಕೊಟ್ಟು ಕೊಂಡಿದ್ದ ಮನೆಯನ್ನು ಕೆಡವಿ ಆ ಜಾಗದಲ್ಲಿ ಸ್ವಾತಂತ್ರ್ಯದೇವಿಗೆ ಗುಡಿ ಕಟ್ಟಿದರು. ಗಡೀಪಾರಿನಲ್ಲಿದ್ದಾಗ ಹೆಂಡತಿ ಟೆರೆನ್ಶಿಯಾಳಿಗೆ ಬರೆದ ಪತ್ರಗಳಲ್ಲಿ ಅಳುವಲ್ಲದೆ ಬೇರೇನಿಲ್ಲ. ಮರುವರ್ಷ ಸಂಭ್ರಮದಿಂದ ವಾಪಸಾದ, ಆದರೆ ಬೆನ್ನೆಲುಬು ಸ್ವಲ್ಪ ಬಾಗಿತ್ತು. ಸೀಸರ್ ಮತ್ತು ಪಾಂಪೆ ಹೇಳಿದವರ ಪರವಾಗಿ ವಾದಿಸಿದ, ತನಗೇ ಹೇಸಿಗೆಯಾಗುವಂತೆ.

ಅವನ ಒಳ್ಳೆಯತನದ ಅಳತೆ ಎಷ್ಟು ಎಂದು ಕೇಳಿದರೆ ನಾನು ಸಲಮಿಸ್ ಪ್ರಕರಣ ತೋರಿಸುತ್ತೇನೆ. ಕ್ರಿ.ಪೂ. 51ರಲ್ಲಿ ಅವನು ಇಂದಿನ ತುರ್ಕಿಯ ದಕ್ಷಿಣ ತೀರದ ಸಿಲಿಸಿಯಾದ ರಾಜ್ಯಪಾಲ. ಅದೇ ಪ್ರಾಂತ್ಯಕ್ಕೆ ಸೇರಿದ್ದ ಸೈಪ್ರಸ್ ದ್ವೀಪದ ಸಲಮಿಸ್ ಊರಿನವರು ಶೇಕಡ 48ರ ಬಡ್ಡಿಗೆ ಸಾಲ ತೆಗೆದಿದ್ದರು. ವಸೂಲಿಗೆ ಬಂದ ಸ್ಕಾಪ್ಟಿಯಸ್ ಎಂಬವನು, ಹಿಂದಿನ ರಾಜ್ಯಪಾಲನ ಕಾಲದಲ್ಲಿ ಕುದುರೆ ಸವಾರರಿಂದ ಅವರ ಸಭಾಭವನವನ್ನು ಮುತ್ತಿ, ಒಳಗಿದ್ದವರಲ್ಲಿ ಐವರು ಹಸಿವಿನಿಂದ ಸಾಯುವವರೆಗೆ ಬಿಟ್ಟಿರಲಿಲ್ಲ. ಸಿಸೆರೊ ಸವಾರರನ್ನು ಹಿಂದಕ್ಕೆ ಕರೆಸಿದ, ಸ್ಕಾಪ್ಟಿಯಸನಿಗೆ ಹುದ್ದೆ ಕೊಡಲಿಲ್ಲ, ಶೇಕಡ 12ಕ್ಕಿಂತ ಹೆಚ್ಚು ಬಡ್ಡಿ ಇಲ್ಲ ಎಂದ. ಆಮೇಲೆ ಬಯಲಾಯಿತು, ಆ ಹಣದ ನಿಜವಾದ ಒಡೆಯ ಬ್ರೂಟಸ್. ಹೌದು, ಮುಂದೆ ಸೀಸರನನ್ನು ಕೊಂದ ಅದೇ ಬ್ರೂಟಸ್. ಸವಾರರನ್ನು ಕೊಡು ಎಂದು ಆಟಿಕಸನೂ ಶಿಫಾರಸು ಮಾಡಿದಾಗ ಸಿಸೆರೊ ಸಿಟ್ಟಿನಿಂದಲೇ ಉತ್ತರಿಸಿದ. ಆದರೆ ಸಲಮಿಸಿನವರು ನ್ಯಾಯವಾದ ಬಡ್ಡಿಯ ಹಣವನ್ನು ತಂದು ಗುಡಿಯಲ್ಲಿ ಠೇವಣಿ ಇಟ್ಟು ಋಣ ಮುಗಿಸುತ್ತೇವೆ ಎಂದಾಗ, ಬ್ರೂಟಸನನ್ನು ಎದುರು ಹಾಕಿಕೊಳ್ಳಲಾಗದೆ ತೀರ್ಮಾನವನ್ನು ಮುಂದೆ ಬರುವವನಿಗೆ ಬಿಟ್ಟ. ಅಲ್ಲಿಯವರೆಗೆ ಧೈರ್ಯ ಬಂತು, ಕೊನೆಯ ಹೆಜ್ಜೆಗೆ ಬರಲಿಲ್ಲ. ಅವನ ಎಷ್ಟೋ ಕೆಲಸಗಳು ಹೀಗೆಯೇ.

ಇನ್ನು ನೀವು ಕೇಳಿದ ಪಕ್ಷಾಂತರ. ಕ್ರಿ.ಪೂ. 49ರ ಜನವರಿಯಲ್ಲಿ ಸೀಸರ್ ದಂಡೆತ್ತಿ ಬಂದ, ಪಾಂಪೆ ಇಟಲಿ ಬಿಟ್ಟು ಹೊರಟ. ಸಿಸೆರೊ ಫಾರ್ಮಿಯಾದ ತೋಟದ ಮನೆಯಲ್ಲಿ ಮೀನಮೇಷ ಎಣಿಸುತ್ತ ಕೂತ. ಹೋಗಬೇಕಾದ ಕಡೆ ಯಾವುದು ಎಂಬ ಬಗ್ಗೆ ಅವನಿಗೆ ಅನುಮಾನವಿರಲಿಲ್ಲ. ಆದರೆ ಪಾಂಪೆ ಗೆದ್ದರೂ ಊರಿಗೆ ಬೆಂಕಿಯೇ ಎಂಬುದು ಅವನಿಗೆ ಕಾಣುತ್ತಿತ್ತು. ದಬ್ಬಾಳಿಕೆಯ ಕೈಗೆ ಸಿಕ್ಕ ದೇಶದಲ್ಲಿ ಉಳಿಯಬಹುದೇ, ಅದನ್ನು ತೊಲಗಿಸಲು ದೇಶವನ್ನೇ ಅಪಾಯಕ್ಕೆ ಒಡ್ಡಬಹುದೇ ಎಂಬ ಪ್ರಶ್ನೆಗಳನ್ನು ಗ್ರೀಕಿನಲ್ಲಿ ಪಟ್ಟಿ ಮಾಡಿ, ಎರಡೂ ಕಡೆಯಿಂದ ತನ್ನೊಡನೆ ತಾನೇ ವಾದಿಸಿಕೊಳ್ಳುತ್ತಿದ್ದ. ಎರಡೂ ಕಡೆ ವಾದಿಸಬಲ್ಲವನಿಗೆ ಎರಡೂ ಕಡೆಯ ಸತ್ಯ ಕಾಣುತ್ತದೆ, ಅದೇ ಅವನ ಶಾಪ.

ಮಾರ್ಚ್ 28ರಂದು ಇಟಲಿಯನ್ನೇ ಗೆದ್ದಿದ್ದ ಸೀಸರ್ ಖುದ್ದಾಗಿ ಅವನ ಮನೆಗೆ ಬಂದ. ರೋಮಿಗೆ ಬಾ, ಸೆನೆಟ್ಟಿನಲ್ಲಿ ಕೂರು, ಶಾಂತಿಯ ಮಾತಾಡು ಎಂದ. ನನಗೆ ತೋಚಿದಂತೆ ಮಾತಾಡಬಹುದೇ ಎಂದು ಸಿಸೆರೊ ಕೇಳಿದ. ನಿನಗೆ ನಾನು ಹೇಳಿಕೊಡಲೇ ಎಂದ ಸೀಸರ್. ಹಾಗಾದರೆ ಸ್ಪೇನಿಗೂ ಗ್ರೀಸಿಗೂ ದಂಡು ಹೋಗಬಾರದು ಎನ್ನುತ್ತೇನೆ, ಪಾಂಪೆಗಾಗಿ ದುಃಖಪಡುತ್ತೇನೆ ಎಂದ. ಅದನ್ನು ಆಡಬಾರದು ಎಂದ ಸೀಸರ್. ಅದಕ್ಕೇ ನಾನು ಬರುವುದಿಲ್ಲ ಎಂದ ಸಿಸೆರೊ. ಬರಲಿಲ್ಲ. ಆಮೇಲೆ ಆಟಿಕಸನಿಗೆ ಬರೆದ ಸಾಲನ್ನು ನಾನು ಅವನ ಎಲ್ಲ ಭಾಷಣಗಳಿಗಿಂತ ಮೇಲೆ ಇಡುತ್ತೇನೆ. ಅವನಿಗೆ ನನ್ನ ಮೇಲೆ ಪ್ರೀತಿ ಉಂಟಾಗಿರಲಾರದು, ಆದರೆ ನನಗೆ ನನ್ನ ಮೇಲೆ ಪ್ರೀತಿ ಉಂಟಾಯಿತು, ಹಾಗಾಗದೆ ಬಹಳ ದಿನಗಳಾಗಿದ್ದವು.

ಜೂನ್ ತಿಂಗಳಲ್ಲಿ, ಗೆಲ್ಲುವ ಲಕ್ಷಣ ಕಡಿಮೆಯಾಗುತ್ತಿದ್ದ ಪಾಂಪೆಯ ಪಾಳೆಯಕ್ಕೆ ಹೋಗಿ ಸೇರಿದ. ಅವಕಾಶವಾದಿ ಯಾರೂ ಸೀಸರನ ಆಹ್ವಾನವನ್ನು ತಳ್ಳಿ ಆ ಕಡೆ ಹೋಗುವುದಿಲ್ಲ. ಪಾಂಪೆ ಸೋತ ಮೇಲೆ ಸೀಸರನ ಕ್ಷಮೆ ಪಡೆದು ವಾಪಸಾದದ್ದು ನಿಜ. ಹಾಗೆ ಕ್ಷಮೆ ಪಡೆದವರಲ್ಲಿ ಬ್ರೂಟಸ್ ಕೂಡ ಇದ್ದ, ಅವನನ್ನು ಯಾರೂ ಪಕ್ಷಾಂತರಿ ಎನ್ನುವುದಿಲ್ಲ.

ಸೀಸರನ ಆಳ್ವಿಕೆಯಲ್ಲಿ ಅವನಿಗೆ ಉಳಿದದ್ದು ಪುಸ್ತಕ ಮತ್ತು ನಾಲಿಗೆ. ಕ್ರಿ.ಪೂ. 45ರ ಕೊನೆಯ ದಿನ ಕಾನ್ಸಲ್ ಒಬ್ಬ ತೀರಿಕೊಂಡಾಗ, ಉಳಿದ ಅರ್ಧ ದಿನಕ್ಕೆ ಸೀಸರ್ ಕನಿನಿಯಸ್ ಎಂಬವನನ್ನು ನೇಮಿಸಿದ. ಕನಿನಿಯಸನ ಆಡಳಿತದಲ್ಲಿ ಯಾರೂ ಮಧ್ಯಾಹ್ನದ ಊಟ ಮಾಡಲಿಲ್ಲ, ಯಾವ ಅಪರಾಧವೂ ನಡೆಯಲಿಲ್ಲ, ಎಂಥ ಜಾಗರೂಕ ಕಾನ್ಸಲ್ ಎಂದರೆ ಅಧಿಕಾರಾವಧಿ ಪೂರ್ತಿ ನಿದ್ದೆಯನ್ನೇ ಮಾಡಲಿಲ್ಲ ಎಂದು ಗೆಳೆಯನಿಗೆ ಬರೆದ. ಮುಂದಿನ ಸಾಲಿನಲ್ಲೇ, ನಿನಗೆ ನಗು ಬರಬಹುದು, ಇಲ್ಲಿದ್ದಿದ್ದರೆ ಕಣ್ಣೀರು ತಡೆಯುತ್ತಿರಲಿಲ್ಲ ಎಂದೂ ಸೇರಿಸಿದ.

ಅದೇ ವರ್ಷದ ಫೆಬ್ರುವರಿಯಲ್ಲಿ ಮಗಳು ತುಲಿಯಾ ಹೆರಿಗೆಯಾದ ಕೆಲವೇ ವಾರಗಳಲ್ಲಿ ಸತ್ತಿದ್ದಳು. ಅವನು ಜಗತ್ತಿನಲ್ಲಿ ಅತಿ ಹೆಚ್ಚು ಪ್ರೀತಿಸಿದ ಜೀವ ಅದು. ಮೂವತ್ತಕ್ಕೂ ಹೆಚ್ಚು ವರ್ಷ ಬಾಳಿದ ಟೆರೆನ್ಶಿಯಾಳನ್ನು ಅಷ್ಟರಲ್ಲಿ ಬಿಟ್ಟಿದ್ದ. ತನ್ನ ಪಾಲನೆಯಲ್ಲಿದ್ದ ಎಳೆಯ ಹುಡುಗಿಯನ್ನು ಮದುವೆಯಾಗಿ, ಅವಳನ್ನೂ ದೂರ ಮಾಡಿದ. ಇದಕ್ಕೆ ನನ್ನಲ್ಲಿ ಸಮರ್ಥನೆಯಿಲ್ಲ. ಅಸ್ಟೂರಾ ಎಂಬ ಕಡಲತೀರದ ಮನೆಗೆ ಹೋಗಿ, ಬೆಳಿಗ್ಗೆ ದಟ್ಟ ಮುಳ್ಳುಕಾಡಿನೊಳಗೆ ಹೊಕ್ಕರೆ ಸಂಜೆಯವರೆಗೆ ಹೊರಬರುತ್ತಿರಲಿಲ್ಲ. ನನ್ನ ಮಾತುಕತೆ ಪುಸ್ತಕಗಳ ಜೊತೆ, ಅದನ್ನೂ ಅಳು ಬಂದು ತಡೆಯುತ್ತದೆ, ಆದಷ್ಟು ಹೋರಾಡುತ್ತೇನೆ, ಆದರೆ ಇನ್ನೂ ಸಮಬಲನಲ್ಲ ಎಂದು ಬರೆಯುತ್ತಾನೆ. ಅವಳಿಗೊಂದು ಗುಡಿ ಕಟ್ಟಬೇಕೆಂದು ತಿಂಗಳುಗಟ್ಟಲೆ ಜಾಗ ಹುಡುಕಿದ. ಗುಡಿ ಆಗಲಿಲ್ಲ. ಆ ದುಃಖದಿಂದ ಹುಟ್ಟಿದ್ದು ಪುಸ್ತಕಗಳ ಸಾಲು. ಎರಡು ವರ್ಷವೂ ತುಂಬದ ಅವಧಿಯಲ್ಲಿ ಮುಪ್ಪು, ಗೆಳೆತನ, ದೇವರುಗಳ ಸ್ವಭಾವ, ಸಾವಿನ ಭಯ, ಕರ್ತವ್ಯ ಹೀಗೆ ಒಂದರ ಮೇಲೊಂದು ಗ್ರಂಥ ಬರೆದ. ತತ್ವಶಾಸ್ತ್ರ ಎಂದರೆ ಗ್ರೀಕ್ ಭಾಷೆಯೇ ಆಗಬೇಕು ಎಂದು ನಂಬಿದ್ದ ಜನರ ನಡುವೆ ಲ್ಯಾಟಿನಿಗೆ ಅದರ ಶಬ್ದಗಳನ್ನು ಕಟ್ಟಿಕೊಟ್ಟ. ನಾವು ದಿನವೂ ಕೇಳುವ 'ಕ್ವಾಲಿಟಿ', 'ಮಾರಲ್' ಎಂಬ ಪದಗಳ ಬೇರು ಅವನು ಟಂಕಿಸಿದ ಲ್ಯಾಟಿನ್ ಶಬ್ದಗಳಲ್ಲಿದೆ. ತಾಯ್ನುಡಿಯಲ್ಲಿ ಶಾಸ್ತ್ರ ಬರೆಯಲು ಹೊರಟ ಯಾರಿಗಾದರೂ ಆ ಕಷ್ಟ ಎಂಥದೆಂದು ಗೊತ್ತಿರುತ್ತದೆ.

ಕ್ರಿ.ಪೂ. 44ರ ಮಾರ್ಚ್ 15ರಂದು ಸೀಸರನ ಕೊಲೆಯಾಯಿತು. ಸಂಚಿನವರು ಸಿಸೆರೊನಿಗೆ ಮೊದಲೇ ತಿಳಿಸಿರಲಿಲ್ಲ. ಆದರೆ ರಕ್ತದ ಕಠಾರಿ ಎತ್ತಿದ ಬ್ರೂಟಸ್ ಕೂಗಿದ್ದು ಅವನ ಹೆಸರನ್ನೇ. ಬೇಸಿಗೆಯ ಹೊತ್ತಿಗೆ ಅಧಿಕಾರವೆಲ್ಲ ಆಂಟನಿಯ ಕೈಯಲ್ಲಿತ್ತು. ಸಿಸೆರೊ ಅಥೆನ್ಸಿನಲ್ಲಿ ಓದುತ್ತಿದ್ದ ಮಗನನ್ನು ನೋಡುವ ನೆಪದಲ್ಲಿ ಹಡಗು ಹತ್ತಿದ. ಎದುರು ಗಾಳಿ ಹಡಗನ್ನು ಇಟಲಿಯ ತುದಿಗೇ ಮರಳಿ ತಂದಿತು, ಅಲ್ಲಿ ರೋಮಿನ ಸುದ್ದಿ ತಲುಪಿತು. ಗಾಳಿ ತಿರುಗುವವರೆಗೆ ಕಾದು ಹೋಗಿಬಿಡಬಹುದಿತ್ತು. ವಯಸ್ಸು ಅರವತ್ತೆರಡು, ಯಾರೂ ದೂರುತ್ತಿರಲಿಲ್ಲ. ಅವನು ರೋಮಿಗೆ ಹಿಂತಿರುಗಿದ. ಸೆಪ್ಟೆಂಬರ್ 2ರಂದು ಸೆನೆಟ್ಟಿನಲ್ಲಿ ಆಂಟನಿಯ ವಿರುದ್ಧ ಮೊದಲ ಭಾಷಣ ಮಾಡಿದ. ಮರುವರ್ಷದ ಏಪ್ರಿಲ್‌ವರೆಗೆ ಅಂಥವು ಹದಿನಾಲ್ಕು. ಈ ಬಾರಿ ಎರಡೂ ಕಡೆಯ ವಾದ ಇಲ್ಲ, ಪಟ್ಟಿ ಇಲ್ಲ. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಉತ್ತರ ಆ ಬಂದರಿನಲ್ಲಿದೆ. ಅಂಜಿಕೆ ಅವನಿಗೆ ಹುಟ್ಟಿನಿಂದ ಬಂದದ್ದು. ಅದನ್ನು ಜೊತೆಗಿಟ್ಟುಕೊಂಡೇ ಅವನು ಹಿಂದಕ್ಕೆ ಬಂದ.

ಲೆಕ್ಕ ಮಾತ್ರ ತಪ್ಪಿತು. ಸೀಸರನ ದತ್ತುಮಗ, ಹತ್ತೊಂಬತ್ತರ ಅಕ್ಟೇವಿಯನನನ್ನು ಆಂಟನಿಯ ಮೇಲೆ ಎತ್ತಿಕಟ್ಟಿ ಆಮೇಲೆ ಬದಿಗೆ ಸರಿಸಬಹುದು ಎಂದುಕೊಂಡ. ಆ ಹುಡುಗನನ್ನು ಹೊಗಳಬೇಕು, ಮೆರೆಸಬೇಕು, ಮೇಲೆತ್ತಬೇಕು ಎಂದನಂತೆ. 'ಮೇಲೆತ್ತು' ಎಂಬ ಆ ಲ್ಯಾಟಿನ್ ಪದಕ್ಕೆ 'ತೊಲಗಿಸು' ಎಂಬ ಅರ್ಥವೂ ಇದೆ. ಚಾಟೂಕ್ತಿ ಹುಡುಗನ ಕಿವಿಗೂ ಬಿತ್ತು. ಕ್ರಿ.ಪೂ. 43ರ ನವೆಂಬರಿನಲ್ಲಿ ಅಕ್ಟೇವಿಯನ್, ಆಂಟನಿ, ಸೀಸರನ ಇನ್ನೊಬ್ಬ ಬಂಟ ಲೆಪಿಡಸ್ ಒಂದಾಗಿ ಕೊಲ್ಲಬೇಕಾದವರ ಪಟ್ಟಿ ಬರೆದರು. ಸಿಸೆರೊನ ಹೆಸರಿಗಾಗಿ ಅಕ್ಟೇವಿಯನ್ ಎರಡು ದಿನ ವಾದಿಸಿ ಮೂರನೆಯ ದಿನ ಬಿಟ್ಟುಕೊಟ್ಟ ಎನ್ನುತ್ತಾನೆ ಪ್ಲುಟಾರ್ಕ್.

ಕೊನೆಯಲ್ಲೂ ಅವನು ಒಮ್ಮೆ ಹಡಗು ಹತ್ತಿದ, ಇಳಿದ. ಎಷ್ಟೋ ಸಲ ನಾನು ಕಾಪಾಡಿದ ನಾಡಿನಲ್ಲೇ ಸಾಯುತ್ತೇನೆ ಎಂದನೆಂದು ರೋಮಿನ ಇತಿಹಾಸಕಾರ ಲಿವಿ ಬರೆಯುತ್ತಾನೆ. ಡಿಸೆಂಬರ್ 7ರಂದು ಫಾರ್ಮಿಯಾದ ಬಳಿ ಸೈನಿಕರು ಪಲ್ಲಕ್ಕಿಯನ್ನು ತಡೆದಾಗ, ಕಾದಾಡಲು ಸಿದ್ಧರಾದ ಆಳುಗಳನ್ನು ಸುಮ್ಮನಿರಿಸಿ, ಪಲ್ಲಕ್ಕಿಯಿಂದ ಹೊರಬಾಗಿ ಅಲುಗಾಡದೆ ಕತ್ತು ಒಡ್ಡಿದ. ತಲೆಯನ್ನೂ, ಆಂಟನಿಯ ವಿರುದ್ಧ ಬರೆದ ಕೈಗಳನ್ನೂ ಕಡಿದು ರೋಮಿಗೆ ತಂದು ಭಾಷಣದ ವೇದಿಕೆಯ ಮೇಲೆ ತೂಗುಹಾಕಿದರು. ತನ್ನ ಕಷ್ಟಗಳಲ್ಲಿ ಸಾವೊಂದನ್ನು ಬಿಟ್ಟು ಬೇರೆ ಯಾವುದನ್ನೂ ಅವನು ಗಂಡಸಿನಂತೆ ಸಹಿಸಲಿಲ್ಲ ಎಂದು ಲಿವಿ ತೀರ್ಪು ಕೊಟ್ಟ. ಮಗಳಿಗಾಗಿ ಕಾಡಿನಲ್ಲಿ ಕೂತು ಅತ್ತದ್ದನ್ನು ದೌರ್ಬಲ್ಯ ಎನ್ನುವುದಾದರೆ ಆ ತೀರ್ಪನ್ನು ನಾನು ಒಪ್ಪುವುದಿಲ್ಲ.

ಅಥೆನ್ಸಿನಲ್ಲಿದ್ದ ಮಗ, ಅವನ ಹೆಸರೂ ಮಾರ್ಕಸ್, ಬದುಕುಳಿದ. ಕರ್ತವ್ಯದ ಬಗೆಗಿನ ಗ್ರಂಥವನ್ನು ತಂದೆ ಬರೆದದ್ದು ಅವನಿಗಾಗಿಯೇ, ಆದರೆ ಹುಡುಗನಿಗೆ ಓದಿಗಿಂತ ಕುಡಿತದಲ್ಲಿ ಹೆಚ್ಚು ಆಸಕ್ತಿ ಎಂದು ಹೆಸರಾಗಿತ್ತು. ಕ್ರಿ.ಪೂ. 30ರಲ್ಲಿ ಅಕ್ಟೇವಿಯನ್ ಅವನನ್ನು ಕಾನ್ಸಲ್ ಮಾಡಿದ. ಆಂಟನಿಯ ಸೋಲಿನ ಸುದ್ದಿ ರೋಮಿಗೆ ಬಂದಾಗ, ಅದನ್ನು ಜನರಿಗೆ ಓದಿ ಹೇಳಿ, ತಂದೆಯ ತಲೆ ತೂಗುತ್ತಿದ್ದ ಅದೇ ವೇದಿಕೆಗೆ ಅಂಟಿಸಿದವನು ಈ ಮಗ ಎಂದು ಇತಿಹಾಸಕಾರ ಅಪ್ಪಿಯನ್ ಬರೆದಿದ್ದಾನೆ.